ಸೀಟಿ ಮೇಷ್ಟ್ರ ಪಕ್ಷಾಂತರ

ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷೇ ಬರುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಬರುತ್ತಿದ್ದರೆ ಪಾಠ ಮಾಡುತ್ತಿರಲಿಲ್ಲವೇ? ಕಮಲಾಪುರದ ಆ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದ ಕ್ಲಾಸಿಗೂ ಅವರ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಹಲಗೆಯ ತಡಿಕೆ. ಅದರಾಚೆಯಿಂದ ಒಂದು ದಿನವೂ ವ್ಯಾಕರಣ ಕೇಳಿಬಂದದ್ದಿಲ್ಲ. ಬರೀ ನಾಟಕ: ರಾಜ ಸತ್ತ ಗೋಳಾಟ, ಕಳ್ಳ ಸಿಕ್ಕ ಗದ್ದಲ, ನಡುನಡುವೆ ಮೇಷ್ಟ್ರ ಕೂಗು: "ಹಿಂದಿನ ಬೆಂಚಿಗೆ ಕೇಳಸ್ಲಿಲ್ಲ!" ನನಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು. ಈಚೆ ನಾನು ಪೈಥಾಗೊರಸನನ್ನು ಹಿಡಿದುಕೊಂಡು ಹಲ್ಲು ಕಡಿಯುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಪೀಡೆ ಅವರ ಸೀಟಿ. ಚರ್ಚಾಸ್ಪರ್ಧೆಯಲ್ಲಿ ಇಬ್ಬರು ಹುಡುಗರು ವಾದ ಮಾಡಿ ಮಾಡಿ ಮುಖ ಕೆಂಪಾಗುವ ಹೊತ್ತಿಗೆ ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದು ಊದುತ್ತಿದ್ದರು. "ಬಾಜೂ ಬದ್ಲಿ!" ಅಷ್ಟೇ, ಪರ ಇದ್ದವನು ನಿಂತ ನಿಲುವಿನಲ್ಲೇ ವಿರೋಧಿಯಾಗಬೇಕು, ವಿರೋಧಿ ಪರವಾಗಬೇಕು. "ಎದುರಿನವನ ಮಾತು ಅವನಿಗಿಂತ ಚೊಲೊ ಹೇಳ್ದವನ ಗೆದ್ದಂಗ" ಎಂಬುದು ಅವರ ಕಾಯಿದೆ. ಪಕ್ಷಾಂತರಕ್ಕೆ ಇವರು ಬೇರೆ ತರಬೇತಿ ಕೊಡಬೇಕೇ ಎಂದು ನಾನು ಸ್ಟಾಫ್‌ರೂಮಿನಲ್ಲಿ ಎಲ್ಲರನ್ನೂ ನಗಿಸಿದ್ದೆ. ಅವರೂ ನಕ್ಕಿದ್ದರು, ಎಲ್ಲರಿಗಿಂತ ಜೋರಾಗಿ!

ಒಮ್ಮೆ ಕಬ್ಬು ಮೇಲೋ ಬಾಳೆ ಮೇಲೋ ಎಂಬ ಚರ್ಚೆ. ಕಬ್ಬಿನ ಗದ್ದೆಯವರ ಹುಡುಗ ಸೀಟಿಯಾದ ಮೇಲೆ ಬಾಳೆಯ ಪರ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಅವನಿಗೇ ಅದು ಖರೆ ಅನ್ನಿಸಿಬಿಟ್ಟಿತು. ಮರುದಿನ ಬೆಳಿಗ್ಗೆ ಅಪ್ಪ ಹಾಜರು.

"ಏನ್ರೀ ಸಾರ್, ಉಣ್ಣಾಕ ಕುಂತ್ರ ಕಬ್ಬು ಕಿತ್ತಾಕು ಅಂತಾನ ನನ್ಮಗ! ಇಂಗ್ಲಿಷ್ ಕಲಸ್ರಿ ಅಂದ್ರ ಮನಿ ಒಡೀತೀರಲ್ರಿ!"

"ಕುಂದ್ರಿ, ಕುಂದ್ರಿ. ಈಗ ನೀವು ಬಾಳಿ ಕಡಿ ಮಾತಾಡ್ರಿ, ನಾ ಕಬ್ಬಿನ ಕಡಿ ಮಾತಾಡ್ತೀನಿ."

ಅರ್ಧ ಗಂಟೆಯ ನಂತರ ಹೊರಬಂದ ಆ ರೈತ, ನೆಡಲು ಬಾಳೆಯ ಕಂದು ಎಲ್ಲಿ ಸಿಗುತ್ತದೆ ಎಂದು ನಮ್ಮ ಜವಾನನನ್ನು ವಿಚಾರಿಸಿದನಂತೆ!

ಆ ಹುಡುಗನದೇ ಹತ್ತನೇ ಕ್ಲಾಸಿನಲ್ಲಿ ಚೋರನೂರಿನಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ಕೂರುತ್ತಿದ್ದದ್ದು ಹಿಂದಿನ ಬೆಂಚಿನಲ್ಲಿ. ಹಾಜರಿಗೂ ಬಾಯಿ ಬಿಡದೆ ಕೈ ಎತ್ತುತ್ತಿದ್ದಳು. ಮೇಷ್ಟ್ರು ಅವಳಿಗೆ ನಾಟಕದಲ್ಲಿ ಪಾತ್ರ ಕೊಟ್ಟರು. ಯಾವುದು ಗೊತ್ತೇ? ಮರ! ಬೇವಿನ ಸೊಪ್ಪು ಹಿಡಿದು ಸುಮ್ಮನೆ ನಿಂತಳು. ಮುಂದಿನ ನಾಟಕದಲ್ಲಿ ಕಾಲುವೆ. ನೀಲಿ ದುಪಟ್ಟಾ ಹೊದ್ದು ಅಡ್ಡ ಮಲಗಿದಳು, ರಾಜ ಮಂತ್ರಿಗಳೆಲ್ಲ ಅವಳನ್ನು ದಾಟಿ ಹೋದರು. ಆಮೇಲೆ ಬಾಗಿಲು. ಬಂದವರು ಭುಜ ತಟ್ಟಿದರೆ ಸರಿಯಬೇಕು.

"ಏನ್ ಸಾರ್ ಇದು?" ಎಂದು ಕೇಳಿದೆ.

"ಮರ ಆದ್ಲು, ಕಾಲುವಿ ಆದ್ಲು, ಬಾಗ್ಲಾ ಆದ್ಲು. ಇನ್ನ ಮನುಷ್ಯಾ ಆಗೋದೊಂದ ಬಾಕಿ ಐತ್ರಿ" ಅಂದರು.

ಆ ಮನುಷ್ಯರ ಪಾತ್ರವೂ ಬಂತು. ಕಾವಲುಗಾರ್ತಿ, ಒಂದೇ ಮಾತು: "ದಿ ಡೋರ್ ಈಸ್ ಓಪನ್. ಪ್ಲೀಸ್ ಕಮ್ ಇನ್." ನಾಟಕ ಶನಿವಾರ, ಕಡೆಯ ಪಿರಿಯಡ್ಡು. ವಾರವಿಡೀ ಮೇಷ್ಟ್ರು ಆ ಸಾಲನ್ನು ಅವಳಿಗೆ ಹೇಳಿಕೊಡುವುದು ಕೇಳಿಸುತ್ತಿತ್ತು. ತಡಿಕೆಯ ಸಂದಿಯಲ್ಲಿ ಇಣುಕಿದೆ. ಅವಳ ತುಟಿ ಅಲುಗುತ್ತಿತ್ತು. ದನಿ ಇನ್ನೂ ಬಂದಿರಲಿಲ್ಲ.

ನಾನು ಅಷ್ಟು ಕಂಡಿದ್ದೆ. ಆದರೂ ಶುಕ್ರವಾರ ಹೆಡ್ ಮೇಡಂ ಹತ್ತಿರ ಹೋಗಿ ಆ ಪಿರಿಯಡ್ಡನ್ನೇ ಕೇಳಿದೆ. ಗಣಿತದಲ್ಲಿ ಅರ್ಧ ಕ್ಲಾಸು ಮುಗ್ಗರಿಸುತ್ತಿತ್ತು, ಆ ಹುಡುಗಿಯೂ ಅದರಲ್ಲಿದ್ದಳು. ಮೇಡಂ ಮೇಷ್ಟ್ರನ್ನು ಕರೆಸಿದರು. ಅವರು ಬಂದವರೇ ಸೀಟಿ ತೆಗೆದು ಮೆಲ್ಲಗೆ ಊದಿದರು.

"ಬಾಜೂ ಬದ್ಲಿ ಮೇಡಂ. ಮೊದ್ಲ ನಾ ಸಾರ್ ಕಡಿ ಮಾತಾಡ್ತೀನಿ. ಆಮ್ಯಾಲ ಸಾರ್ ನನ್ ಕಡಿ ಮಾತಾಡ್ಲಿ."

ಮಾತಾಡಿದರು ನೋಡಿ! ಒಂದು ವಿಷಯ ಹೋದರೆ ಈ ಮಕ್ಕಳ ಓದು ಅಲ್ಲಿಗೇ ಮುಗಿಯುತ್ತದೆ, ಹೆಣ್ಣುಮಕ್ಕಳಿಗಂತೂ ಎರಡನೇ ಸಲ ಪರೀಕ್ಷೆ ಕಟ್ಟಿಸುವವರಿಲ್ಲ ಎಂದರು. ನನ್ನ ವಾದವನ್ನು ನಾನೇ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ಈಗ ನೀವು ಹೇಳ್ರಿ" ಅಂದರು.

ಹೇಳಲು ನನ್ನಲ್ಲಿ ಇತ್ತು. ಅಲುಗುತ್ತಿದ್ದ ಆ ತುಟಿಯ ವಿಷಯ ಹೇಳಿದ್ದರೆ ಸಾಕಿತ್ತು. "ನಂದೇನಿಲ್ಲ ಮೇಡಂ. ಸಾರ್ ಎಲ್ಲಾ ಹೇಳ್ಯಾರಲ್ಲ" ಅಂದೆ. ಗೆದ್ದೆ!

ಶನಿವಾರ ನಾಟಕದ ಬದಲು ತ್ರಿಕೋನಮಿತಿ ಮಾಡಿದೆ. ಹುಡುಗಿ ಗಣಿತದಲ್ಲಿ ಪಾಸಾದಳು, ಅಂಚಿನಲ್ಲಿ. ಅಂಕಪಟ್ಟಿ ತೆಗೆದುಕೊಂಡು ತಲೆಯಾಡಿಸಿ ಹೋದಳು. ಅವಳ ದನಿ ಹೇಗಿತ್ತೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಮೇಷ್ಟ್ರು ನಾಟಕ ಕೈಬಿಟ್ಟು ಪ್ರಶ್ನೋತ್ತರ ಬರೆಸತೊಡಗಿದರು. ತಡಿಕೆಯಾಚೆ ನಾನು ಬಯಸಿದ್ದ ಶಾಂತಿ ನೆಲೆಸಿತು, ಮತ್ತು ಆ ಶಾಂತಿಯಲ್ಲಿ ನನಗೆ ಪಾಠ ಮಾಡುವುದೇ ಬೇಸರವಾಯಿತು.

ಇದಾಗಿ ಆರು ವರ್ಷ. ಹೋದ ತಿಂಗಳು ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆ ನಡೆದದ್ದು ಅವರದೇ ಕ್ಲಾಸಿನಲ್ಲಿ. ನಾನು ಎದ್ದು ನಿಂತು ಅವರ ಶಿಸ್ತು, ಸಮಯಪಾಲನೆ ಎಂದು ಇಲ್ಲದ ಗುಣಗಳನ್ನೆಲ್ಲ ಹೊಗಳುತ್ತಿದ್ದೆ. ಹಾರ ಹಾಕಿಕೊಂಡು ಕೂತಿದ್ದ ಮೇಷ್ಟ್ರು ಸೀಟಿ ಊದಿದರು.

"ಸಾರ್, ನಿಮ್ದೊಂದು ಪಾಳಿ ಬಾಕಿ ಐತಿ."

ಮಕ್ಕಳು ಹೋ ಎಂದು ನಕ್ಕರು. ಅದು ಹೆಡ್ ಮೇಡಂ ಮುಂದೆ ನಾನು ಬಿಟ್ಟುಕೊಟ್ಟ ಪಾಳಿ ಎಂದು ನನಗೆ ಮಾತ್ರ ಗೊತ್ತಿತ್ತು. ಆರು ವರ್ಷ ಕೂಡಿಟ್ಟ ಮಾತಲ್ಲಿ ಒಂದೂ ಬರಲಿಲ್ಲ, ಬಂದದ್ದು ನನ್ನದಲ್ಲದ ಒಂದು ಸಾಲು.

"ದಿ ಡೋರ್ ಈಸ್ ಓಪನ್. ಪ್ಲೀಸ್ ಕಮ್ ಇನ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಿವಿಗೆ ಕೈ ಹಚ್ಚಿ, "ಹಿಂದಿನ ಬೆಂಚಿಗೆ ಕೇಳಸ್ಲಿಲ್ಲ ಸಾರ್" ಅಂದರು.

ಜೋರಾಗಿ ಹೇಳಿದೆ. ಹಿಂದಿನ ಬೆಂಚಿಗೂ ಕೇಳಿಸಿತು. ಅಲ್ಲಿ ಕೂರುತ್ತಿದ್ದವಳು ಮಾತ್ರ ಇರಲಿಲ್ಲ.