ಅತ್ತೆಯವರ ತಪಕೀರಿನ ಡಬ್ಬಿಯಲ್ಲೊಂದು ಕಂಪ್ರೆಸರ್

ಗೌರಿ, ಸಮೀರ, ನಿಮಗೆ ಕನ್ನಡ ಓದುವುದು ನಿಧಾನವೆಂದು ಗೊತ್ತು. ಅಪ್ಪನ ಪಕ್ಕ ಕೂತು ಓದಿಸಿಕೊಳ್ಳಿ. ಬಾಯಿಬಿಟ್ಟು ಹೇಳೆಂದರೆ ನನಗೆ ಇವತ್ತಿಗೂ ನಾಚಿಕೆ. ಅದಕ್ಕೇ ಬರೆಯಲು ಕೂತೆ. ನಿಮ್ಮ ಈ ಅಜ್ಜಿ ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ತಪ್ಪಿದ್ದರೆ ನಗಬೇಡಿ, ನಗುವುದಕ್ಕೆ ಬೇರೆ ಸಾಮಗ್ರಿ ಕೊಡುತ್ತೇನೆ.

ಸೊಸೆ ಗಟ್ಟಿಯಾಗಿ ಮಾತಾಡಿದಳೆಂದು ಬೈದ ಹಿರಿಯರು ಎಲ್ಲರ ಮನೆಯಲ್ಲೂ ಇರುತ್ತಾರೆ. ‘ತಂಗೀ, ಕೈ ಮುಗೀತೀನಿ, ಇನ್ನೂ ಸಣ್ಣಾಗಿ ಮಾತಾಡವಾ!’ ಎಂದು ಬೇಡಿಕೊಂಡ ಹಿರಿಯರು ಇಡೀ ಮುಂಬಯಿಯಲ್ಲಿ ಒಬ್ಬರೇ ಇದ್ದರು. ಅವರೇ ನಿಮ್ಮ ದೊಡ್ಡಜ್ಜ, ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ಹೆಸರು ಬರೆಯುವುದಿಲ್ಲ. ಭಾವನವರ ಹೆಸರನ್ನು ಬಾಯಲ್ಲಿ ಹೇಳದವಳು ಪೆನ್ನಿನಲ್ಲಿ ಹೇಳಿಯೇನೆ?

ಆಗ ನಾವು ಬೈಕುಲ್ಲಾದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದೆವು. ಒಂದೇ ಖೋಲಿ, ನಾಲ್ಕು ಜನ: ಅತ್ತೆಯವರು, ಭಾವನವರು, ನಿಮ್ಮ ಅಜ್ಜ, ನಾನು. ಸೊಸೆಯಾದವಳು ಭಾವನೆದುರು ನಿಲ್ಲಬಾರದು, ಮುಖ ನೋಡಿ ಮಾತಾಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಒಂದೇ ಖೋಲಿಯಲ್ಲಿ ಅದು ಹೇಗೆ ಸಾಧ್ಯ ಎನ್ನುತ್ತೀರಾ? ಹಳೆಯ ಸೀರೆಯದೊಂದು ಪರದೆ ಇತ್ತಲ್ಲ! ಸ್ಟೋವಿನ ಈಚೆ ನಾನು, ಆಚೆ ಇಡೀ ಜಗತ್ತು. ಹಿರಿಯರ ಕಿವಿಗೆ ಬೀಳುವಂತೆ ಗಂಡನ ಜೊತೆ ಮಾತಾಡುವುದೂ ಇರಲಿಲ್ಲ. ಎಲ್ಲರದೂ ಆದ ಮೇಲೆ ಉಳಿದದ್ದೇ ನನ್ನ ಊಟ. ನಿಮ್ಮ ಅಜ್ಜ ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಬುಟ್ಟಿಗಳ ಉಸ್ತುವಾರಿ ಮಾಡುತ್ತಿದ್ದರು. ಮೊದಲೇ ಮಾತು ಕಡಿಮೆ. ಹೀಗಾಗಿ ಮದುವೆಯಾಗಿ ವರ್ಷ ಕಳೆದರೂ ಅವರ ದನಿ ಹೇಗಿದೆಯೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಅತ್ತೆಯವರ ದನಿ ಮಾತ್ರ ಯಾವ ಪರದೆಗೂ ಬಗ್ಗುತ್ತಿರಲಿಲ್ಲ. ಅವರು ಗ್ಯಾಲರಿಯಲ್ಲಿ ನಿಂತು ನಮ್ಮ ಹಾಲಿನವನನ್ನು ಕರೆದರೆ ಎದುರು ಚಾಳಿನ ಹಾಲಿನವನೂ ಓಡಿಬರುತ್ತಿದ್ದ!

ಭಾವನವರು ಗಿರಣಿಯಲ್ಲಿ ವೈರ್‌ಮನ್. ಮದುವೆಯಾಗಿರಲಿಲ್ಲ. ಮೈಕಿನ ಜೊತೆಗೇ ಆಗಿತ್ತೆನ್ನಿ. ಅವರ ಸಂಸಾರವೆಂದರೆ ಒಂದು ಆಂಪ್ಲಿಫೈಯರು, ಒಂದು ಮೈಕು, ಭೋಂಗಾ ಎಂದು ಎಲ್ಲರೂ ಕರೆಯುವ ಅಗಲ ಬಾಯಿಯ ಎರಡು ಸ್ಪೀಕರು, ಯಾರೋ ವಾಪರಿಸಿ ಬಿಟ್ಟ ಒಂದು ಹಳೆಯ ಟೇಪ್ ರೆಕಾರ್ಡರು. ಅದಕ್ಕಿದ್ದದ್ದು ಒಂದೇ ಸುರುಳಿ. ಅಳಿಸುವುದು, ಮತ್ತೆ ಅದರ ಮೇಲೇ ತುಂಬುವುದು. ನಮ್ಮವರ ಸಂಘದ ನಾಟಕ, ಭಜನೆ ಎಲ್ಲಕ್ಕೂ ಅವರದೇ ಸೆಟ್ಟು.

ಆ ವರ್ಷ ಭಾಂಡುಪಿನ ಶಾಲೆಯೊಂದರ ಮೈದಾನದಲ್ಲಿ ಪೌರಾಣಿಕ ನಾಟಕ. ಅದರಲ್ಲೊಬ್ಬ ರಾಕ್ಷಸ, ಮಗನನ್ನು ಕಳೆದುಕೊಂಡ ಒಬ್ಬ ತಾಯಿ. ರಾಕ್ಷಸ ಅಬ್ಬರಿಸಿದಾಗ ದನಿ ಇಳಿಸಬೇಕು, ತಾಯಿ ಬಿಕ್ಕಿದಾಗ ಏರಿಸಬೇಕು. ಭಾವನವರು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಕೂತಿದ್ದರು. ಆದರೆ ಅವರ ಕರುಳು ಬೆರಳಿಗಿಂತ ಮೆತ್ತಗೆ! ತಾಯಿಯ ಮಾತಿಗೆ ದನಿಯನ್ನು ಪೂರ್ತಿ ಏರಿಸಿದರು, ತಾವೂ ಅಳತೊಡಗಿದರು, ಕಣ್ಣೊರೆಸಿಕೊಳ್ಳಲು ಗುಂಡಿಯಿಂದ ಕೈ ತೆಗೆದರು. ಅದೇ ಗಳಿಗೆಯಲ್ಲಿ ರಾಕ್ಷಸ ಬಂದ. ‘ಹಾ!’ ಎಂದ, ಅಷ್ಟೆ. ಹಿಂದಿನ ಸಾಲುಗಳ ಕಡೆಗಿದ್ದ ಭೋಂಗಾ ಸುಟ್ಟುಹೋಯಿತು.

ಅಲ್ಲಿದ್ದವರಿಗೆ ಉಳಿದ ನಾಟಕ ಮೂಕಾಭಿನಯ. ಹಿಂದಿನ ಸಾಲಿನಲ್ಲಿದ್ದ ಅತ್ತೆಯವರು ಮನೆಗೆ ಬಂದು ಕೇಳಿದರು: ‘ಲೇ, ರಾಕ್ಷಸ ಕೂಗಿದ್ದು ಕೇಳಿತು. ಆ ತಾಯಿ ಸಾಯೂ ಮುಂದ ಏನಂದಳೋ? ಏನೂ ಕೇಳಲೇ ಇಲ್ಲಲ್ಲೋ!’

ಭಾವನವರ ಮುಖ ಸಣ್ಣದಾಯಿತು. ಅನ್ನದ ತಾಟಿನ ಮೇಲೆ ಕೈಯಿಟ್ಟು ಆಣೆ ಮಾಡಿದರು: ‘ಯವ್ವಾ, ಬರೂ ವರ್ಷ ಇದೇ ನಾಟಕ ಐತಿ. ನೀ ಕಟ್ಟಕಡೀ ಸಾಲಿನ್ಯಾಗ ಕೂಡು. ಆ ತಾಯಿ ಮಾತು ನಿನಗ ಕೇಳಲಿಲ್ಲ ಅಂದ್ರ, ಇಲ್ಲಾ ನನ್ನ ಭೋಂಗಾ ಮತ್ತ ಸುಟ್ಟಿತು ಅಂದ್ರ, ಸೆಟ್ಟು ಮಾರಿ ಭಜಿ ಕರಕೊಂತ ಕೂಡತೀನಿ!’

‘ಭಜಿಯಾದರೂ ನೆಟ್ಟಗ ಕರೀತಿಯೇನು?’ ಎಂದರು ಅತ್ತೆಯವರು.

ಶುರುವಾಯಿತು ನೋಡಿ, ವರ್ಷಪೂರ್ತಿ ನಡೆದ ಕಂಪ್ರೆಸರ್ ಬೇಟೆ! ಜೋರು ದನಿಯ ಕಿವಿ ಹಿಂಡಿ, ಮೆತ್ತನೆಯ ದನಿಯ ಕೈಹಿಡಿದು, ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಪೆಟ್ಟಿಗೆ ಅದು. ಸ್ಟುಡಿಯೋವೊಂದರಲ್ಲಿ ದುಡಿಯುತ್ತಿದ್ದ ಸ್ನೇಹಿತನ ಕೃಪೆಯಿಂದ ಭಾವನವರು ವಿಲಾಯತಿಯದೊಂದನ್ನು ಕಣ್ಣಾರೆ ಕಂಡು ಬಂದರು. ಬಂದವರು ಮೂರು ದಿನ ಬೇರೆ ಮಾತೇ ಆಡಲಿಲ್ಲ. ‘ಏನು ಅದರ ಮುಳ್ಳು! ಏನು ಅದರ ಬೆಳಕು!’

‘ತರ್ತೀಯೇನು?’ ಎಂದರು ಅತ್ತೆಯವರು.

‘ಅದರ ಕಿಮ್ಮತ್ತಿಗೆ ಈ ಮಾಳಿಗೀನೇ ಬರತದ, ಯವ್ವಾ.’

‘ಹಂಗಾದ್ರ ಮಾಳಿಗೀನೇ ತಗೋ. ಸಂಡಾಸಕ್ಕ ಪಾಳಿ ಹಚ್ಚೂದು ತಪ್ಪತದ!’

ಅಗ್ಗದ್ದು ಬೇಕು, ಆದರೆ ಅಗ್ಗದ ಕೆಲಸ ಮಾಡಬಾರದು. ಅದನ್ನು ಪರೀಕ್ಷಿಸುವುದು ಹೇಗೆ? ಮುಂಬಯಿಯ ಅತಿ ಜೋರು ದನಿ ಮನೆಯಲ್ಲೇ ಇತ್ತು. ಅತಿ ಮೆತ್ತನೆಯ ದನಿ ಪರದೆಯ ಹಿಂದಿತ್ತು! ಮೈಕನ್ನು ಪರದೆಯ ಹಗ್ಗಕ್ಕೆ ನನ್ನ ಕಡೆ ಬರುವಂತೆ ತೂಗುಬಿಟ್ಟು, ತಾವು ಅತ್ತ ಗೋಡೆಗೆ ಮುಖ ಮಾಡಿ, ‘ತಂಗೀ, ಏನರ ಅನ್ನು’ ಎನ್ನುತ್ತಿದ್ದರು. ಏನನ್ನಲಿ? ನನಗೆ ಬರುತ್ತಿದ್ದದ್ದು ಶಾಲೆಯ ಮಗ್ಗಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಆ ವರ್ಷ ಮುಗಿಯುವಷ್ಟರಲ್ಲಿ ಹತ್ತೊಂಬತ್ತರ ಮಗ್ಗಿಯೂ ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಮಾಸ್ತರರು ಬೆತ್ತ ಹಿಡಿದರೂ ಆಗದಿದ್ದದ್ದು ಕಂಪ್ರೆಸರಿನಿಂದ ಆಯಿತು!

ಮೊದಲು ಬಂದದ್ದು ಚೋರ್ ಬಜಾರಿನದು. ಹಡಗು ಒಡೆದಾಗ ಸಿಕ್ಕ ಕಬ್ಬಿಣದ ಪೆಟ್ಟಿಗೆಯಂತೆ. ಅಣ್ಣತಮ್ಮಂದಿರು ಹೊತ್ತು ತಂದರು. ಪ್ರತಿ ಮಾಳಿಗೆಯಲ್ಲೂ ನಿಂತು, ಬೆವರೊರೆಸಿಕೊಂಡು, ಹಡಗನ್ನೇ ತರಬಹುದಿತ್ತಲ್ಲ ಎನಿಸಿಕೊಳ್ಳುತ್ತ ತಂದರು. ಹಚ್ಚಿ ನೋಡಿದರೆ, ಅತ್ತೆಯವರ ಒಂದು ಕೂಗಿಗೆ ಅದು ಎಷ್ಟು ಹೆದರುತ್ತಿತ್ತೆಂದರೆ, ಆಮೇಲೆ ಬಹಳ ಹೊತ್ತು ಯಾರ ದನಿಯನ್ನೂ ಮೇಲೇಳಗೊಡುತ್ತಿರಲಿಲ್ಲ. ಅತ್ತೆಯವರು ಕೂಗಿದ ಮೇಲೆ ಎಲ್ಲರೂ ಗಪ್‌ಚುಪ್! ನಮ್ಮ ಮನೆಯಲ್ಲಿ ಇದಕ್ಕೆ ಯಂತ್ರ ಬೇರೆ ಬೇಕಿತ್ತೇ?

ಎರಡನೆಯದು ಲ್ಯಾಮಿಂಗ್ಟನ್ ರೋಡಿನ ಅಂಗಡಿಯದು. ಹೊಸದು, ಚಂದದ್ದು, ಬೆಲೆಯೂ ಎಟುಕುವಂಥದು. ‘ನೋಡದೇ ಕೊಳ್ಳೂದಿಲ್ಲ’ ಎಂದು ಭಾವನವರು ಪರೀಕ್ಷೆಗೆ ಅಂಗಡಿಗೇ ಕರೆದೊಯ್ದರು. ಯಾರನ್ನು? ನಮ್ಮಿಬ್ಬರನ್ನೂ! ಅತ್ತೆಯವರು ಮುಂದೆ, ತಲೆತುಂಬ ಸೆರಗು ಹೊದ್ದು ಅವರ ಬೆನ್ನ ಹಿಂದೆ ನಾನು.

‘ಮಾಜೀ, ಕುಛ್ ಬೋಲಿಯೇ’ ಎಂದ ಅಂಗಡಿಯ ಸೇಠ್. ಪಾಪ, ಅವನಿಗೇನು ಗೊತ್ತು? ಅತ್ತೆಯವರು ಊರಿನ ಎಮ್ಮೆಯನ್ನು ಕರೆಯುವಂತೆ ಒಂದು ಸಲ ಕರೆದರು. ಹೊರಗೆ ಒಂದು ಟ್ಯಾಕ್ಸಿ ಗಕ್ಕನೆ ನಿಂತಿತು. ಸೇಠ್ ಕಿವಿಯಿಂದ ಕೈ ತೆಗೆಯದೆ, ‘ಥೋಡಾ ದೂರ್ ಸೇ, ಮಾಜೀ!’ ಎಂದ. ಪೆಟ್ಟಿಗೆಯ ಮುಳ್ಳು ಅಷ್ಟೆಲ್ಲ ಮುಗಿದ ಮೇಲೆ ಮೆಲ್ಲಗೆ ಅಲ್ಲಾಡಿತು.

‘ನಮ್ಮ ಚಾಳಿನ ರಖವಾಲದಾರ ಇದ್ದಂಗ ಐತಿ ಇದು’ ಎಂದರು ಭಾವನವರು. ‘ಜಗಳ ಮುಗದ ಮ್ಯಾಲ ಏಳತದ.’

ಆಮೇಲೆ ನನ್ನ ಪಾಳಿ. ಪರಸ್ಥಳ, ಪರಪುರುಷ. ಮೈಕಿನ ಮುಂದೆ ಉಸಿರಾಡಿದೆ, ಅಷ್ಟೇ. ಇಷ್ಟು ಸಣ್ಣ ದನಿ ಎಲ್ಲಿ ಸಿಕ್ಕೀತೆಂದು ಭಾವನವರು ಹಿಗ್ಗಿಹೋದರು: ‘ದೇಖಾ ಸೇಠ್! ಐಸಾ ಬಾರೀಕ್ ಆವಾಜ್ ಕಿಧರ್ ಮಿಲೇಗಾ?’

‘ಅರೇ ಭಾಯೀ, ವೋ ತೋ ಕುಛ್ ಬೋಲೀ ಹೀ ನಹೀಂ!’ ಎಂದ ಸೇಠ್, ಇವಳಿನ್ನೂ ಬಾಯೇ ಬಿಟ್ಟಿಲ್ಲವಲ್ಲ ಎಂದು.

ನಾಟಕಕ್ಕೆ ಇನ್ನು ಒಂದು ತಿಂಗಳಷ್ಟೇ ಇತ್ತು. ‘ಭಜಿಗೆ ಕಡ್ಲಿಹಿಟ್ಟು ತರಲೇನು?’ ಎಂದು ಅತ್ತೆಯವರು ದಿನಾ ಕೇಳುತ್ತಿದ್ದರು. ಭಾವನವರು ಬಗ್ಗಲಿಲ್ಲ. ಕೊಳ್ಳಲಾಗದಿದ್ದರೆ ಮಾಡುತ್ತೇನೆ ಎಂದು ಹಟ ಹಿಡಿದರು. ಚೋರ್ ಬಜಾರಿನಿಂದ ಒಂದು ಮುರಿದ ಕ್ಯಾಮೆರಾ ತಂದು ಬೆಳಕು ಅಳೆಯುವ ಅದರ ಕಣ್ಣನ್ನು ಕಿತ್ತರು. ಅದರೆದುರು ಬ್ಯಾಟರಿಯ ಪುಟ್ಟ ಬಲ್ಬು. ‘ಆವಾಜ್ ಜೋರಾತು ಅಂದ್ರ ಬಲ್ಬ್ ಹತ್ತತದ. ಕಣ್ಣು ನೋಡತದ. ನೋಡಿದ ಕೂಡ್ಲೇ ಆವಾಜ್ ಕೆಳಗಿಳಸತದ. ಬೆಳಕು ಆರಿತು, ಮತ್ತ ಏರಸತದ. ತಿಳೀತೇನು ತಂಗೀ?’ ಎಂದು ಗೋಡೆಗೆ ವಿವರಿಸಿದರು. ನಾನು ಪರದೆಯ ಹಿಂದೆ ತಲೆಯಾಡಿಸಿದೆ. ಗೋಡೆಗೂ ತಿಳಿದಿರಬೇಕು.

ಬಲ್ಬನ್ನೂ ಕಣ್ಣನ್ನೂ ಇಡಲು ಹೊರಗಿನ ಬೆಳಕು ಎಳ್ಳಷ್ಟೂ ನುಸುಳದ ಡಬ್ಬಿ ಬೇಕಿತ್ತು. ಬೂಟ್ ಪಾಲಿಶಿನದಾಯಿತು, ಪೌಡರಿನದಾಯಿತು, ಯಾವುದೂ ಒಗ್ಗಲಿಲ್ಲ. ಹಾಗೆ ಬಿಗಿಯಾದ ಮುಚ್ಚಳವಿದ್ದದ್ದು ಮನೆಯಲ್ಲಿ ಒಂದಕ್ಕೇ. ಅತ್ತೆಯವರ ತಪಕೀರಿನ ಹಿತ್ತಾಳೆ ಡಬ್ಬಿ! ದಿನಕ್ಕೆ ಹತ್ತು ಸಲ ಅದರಿಂದ ಚಿಟಿಕೆ ತಂಬಾಕಿನ ಪುಡಿ ತೆಗೆದು ಒಸಡಿಗೆ ತಿಕ್ಕಿಕೊಳ್ಳದಿದ್ದರೆ ಅವರಿಗೆ ಜೀವವೇ ನಿಲ್ಲುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರು ನೀರಿಗೆ ಹೋದ ಸಂದು ನೋಡಿ ಭಾವನವರು ತಪಕೀರನ್ನು ಕಾಗದಕ್ಕೆ ಸುರಿದರು, ಡಬ್ಬಿಗೆ ತೂತು ಕೊರೆದರು, ತಂತಿ ಬೆಸೆದರು, ಟೇಪು ಚಾಲೂ ಮಾಡಿದರು. ಪರದೆಯ ಹಿಂದೆ ನಾನು ಎಂಟರ ಮಗ್ಗಿಯಲ್ಲಿದ್ದೆ. ಮಾರುಕಟ್ಟೆಯಿಂದ ನಿಮ್ಮ ಅಜ್ಜ ಆಗತಾನೇ ಬಂದಿದ್ದರು. ಅಷ್ಟರಲ್ಲಿ ಅತ್ತೆಯವರು ಬಂದು ಗೂಡಿಗೆ ಕೈ ಹಾಕಿದರು.

‘ನನ್ನ ಡಬ್ಬೀ ಎಲ್ಲಿ? ಯಾವ ಭಾಡ್ಯಾ ಒಯ್ದಾನೋ ನನ್ನ ಡಬ್ಬೀ!’

ಕೂಗುತ್ತ ಗ್ಯಾಲರಿಗೆ ನುಗ್ಗಿದರು, ಆಚೀಚೆ ಖೋಲಿಗಳನ್ನು ಜಾಲಾಡಲಿಕ್ಕೆ. ನೆರೆಹೊರೆಯವರ ಮೇಲೆ ಕಳ್ಳತನದ ಆರೋಪ ಬಂದೀತೆಂದು ಹೆದರಿ ಭಾವನವರೂ ಹಿಂದೆ ಓಡಿದರು. ಟೇಪು ತಿರುಗುತ್ತಲೇ ಇತ್ತು.

ಸಂಜೆ ತಪ್ಪೊಪ್ಪಿಕೊಂಡು, ಹೊಸ ಡಬ್ಬಿಯ ಮಾತು ಕೊಟ್ಟು, ಎಲ್ಲರನ್ನೂ ಕೂರಿಸಿ ಭಾವನವರು ಟೇಪು ಕೇಳಿಸಿದರು. ಆಶ್ಚರ್ಯ! ಅತ್ತೆಯವರ ಆ ಗುಡುಗು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದ ಬೀಗರಂತೆ ಮರ್ಯಾದೆಯಿಂದ ಬಂತು. ‘ಗೆದ್ದೆ ಯವ್ವಾ!’ ಎಂದು ಭಾವನವರು ಜಿಗಿದರು. ಆಮೇಲೆ ಮೌನ. ಆ ಮೌನವನ್ನು ಡಬ್ಬಿ ನಿಧಾನವಾಗಿ ಮೇಲಕ್ಕೆತ್ತತೊಡಗಿತು. ಕಾಗೆ. ಸ್ಟೋವಿನ ಸುಯ್ಯೆನ್ನುವ ಸದ್ದು. ಮತ್ತೆ, ಯಾರಿಗೂ ಕೇಳದೆಂದು ನಂಬಿ ಆಡಿದ ಒಂದು ಗಂಡು ಪಿಸುದನಿ:

‘ಉಂಡೀ?’

‘ಹೂಂ.’

‘ಖರೇ ಹೇಳು.’

ಕಾಗದ ಬಿಚ್ಚಿದ ಸರಸರ. ‘ಚಿಕ್ಕು ಅದಾವ. ಎರಡ ತಂದೀನಿ. ತಿನ್ನು, ಲಗೂನ.’ ಆಮೇಲೆ ಗ್ಯಾಲರಿಯಲ್ಲಿ ಹೆಜ್ಜೆ, ಬಾಯಿತುಂಬ ಹಣ್ಣಿಟ್ಟುಕೊಂಡ ನನ್ನ ದನಿ: ‘ಎಂಟೆಂಟ್ಲೆ ಅರವತ್ನಾಕು!’

ಭೂಮಿ ಬಾಯಿಬಿಡಬಾರದೇ ಎನಿಸಿತು. ಮೂರನೆಯ ಮಾಳಿಗೆಯಲ್ಲಿ ಅದೂ ಕಷ್ಟ. ನಿಮ್ಮ ಅಜ್ಜ ಸೂರಿನ ತೊಲೆ ಎಣಿಸುತ್ತಿದ್ದರು. ಭಾವನವರು ಗೋಡೆಗೆ ಹೇಳಿದರು: ‘ಅದು ಡಬ್ಬೀ ದೋಷ. ಗದ್ದಲ ನಿಂತ ಮ್ಯಾಲ ಬ್ಯಾಡಾಗಿದ್ದೆಲ್ಲಾ ಎತ್ತತದ. ಅಳಸಿಬಿಡತೀನಿ.’

ಅತ್ತೆಯವರು ಸಣ್ಣ ಮಗನನ್ನು ಕೇಳಿದರು: ‘ಎರಡೂ ಅಕಿಗೇ ಕೊಟ್ಟಿ? ನನಗ ಒಂದೂ ಇಲ್ಲ?’

ಅಷ್ಟೇ. ಮರುದಿನದಿಂದ ಅವರು ಊಟಕ್ಕೆ ಕೂಡುವಾಗ ತಮ್ಮ ತಾಟಿನ ಪಕ್ಕದಲ್ಲಿ ನನ್ನ ತಾಟನ್ನೂ ಇಟ್ಟುಕೊಂಡರು.

ಡಬ್ಬಿಯ ದೋಷವನ್ನು ಸ್ಟುಡಿಯೋದ ಸ್ನೇಹಿತನೂ ಹಿಡಿದ. ‘ಬಲ್ಬ್ ಬದಲಿಸು, ಸರಿಯಾಗತದ’ ಎಂದ. ಭಾವನವರು, ‘ಇರಲಿ ಬಿಡು’ ಎಂದರು. ನಾಟಕದ ರೆಕಾರ್ಡಿಗೆ ಹೊಸ ಸುರುಳಿ ಬಂತು. ಹಳೆಯದು ಸವೆದಿದೆಯಂತೆ.

ನಾಟಕದ ದಿನ ಅತ್ತೆಯವರು ಕಟ್ಟಕಡೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಪರೀಕ್ಷಕರಂತೆ ಕೂತರು. ಭಾವನವರು ಗುಂಡಿ ಮುಟ್ಟದೆ ಎರಡೂ ಕೈ ಕಟ್ಟಿಕೊಂಡು ಕೂತರು. ರಾಕ್ಷಸ ಅಬ್ಬರಿಸಿದ, ಭೋಂಗಾ ಜಗ್ಗಲಿಲ್ಲ. ತಾಯಿ ಬಿಕ್ಕಿದಳು. ಭಾವನವರು ಈ ಸಲ ಮನಸ್ಸು ಬಿಚ್ಚಿ ಅತ್ತರು. ಅವಳ ಕೊನೆಯ ಮಾತು ಮುಗಿಯಿತೋ ಇಲ್ಲವೋ, ಹಿಂದಿನಿಂದ ಮೈದಾನವೇ ನಡುಗುವಂತೆ ಒಂದು ದನಿ:

‘ಕೇಳಿತೋ ಮಗನ! ಎಲ್ಲಾ ಕೇಳಿತು!’

ಸತ್ತು ಬಿದ್ದಿದ್ದ ತಾಯಿ ಬೆಚ್ಚಿ ಎದ್ದು ಕೂತಳು. ಅತ್ತೆಯವರ ಮುಂದೆ ಮೈಕಿರಲಿಲ್ಲ. ಡಬ್ಬಿಯಾದರೂ ಏನು ಮಾಡೀತು?

ವರ್ಷಗಳು ಕಳೆದವು. ಅತ್ತೆಯವರು ಹೋದರು. ಭಾವನವರು ಭಾಂಡುಪಿನಲ್ಲಿ ಖೋಲಿ ಮಾಡಿದರು. ಆಮೇಲೆ, ನಿಮ್ಮ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ, ನಿಮ್ಮ ಅಜ್ಜನೂ ಹೋದರು. ಬಂದ ನೆಂಟರೆಲ್ಲ ತಿರುಗಿ ಹೋದ ಮರುದಿನ ಭಾವನವರು ಲೋಕಲ್‌ನಲ್ಲಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಪರದೆ ಎಂದೋ ಹರಿದುಹೋಗಿತ್ತು. ಅವರು ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತರು.

‘ತಂಗೀ, ಅಳಸೀನಿ ಅಂತ ಸುಳ್ಳ ಹೇಳಿದ್ದೆ’ ಎಂದವರೇ ಗುಂಡಿ ಒತ್ತಿ ಗ್ಯಾಲರಿಗೆ ಹೋಗಿ ನಿಂತರು.

ಅತ್ತೆಯವರ ಡಬ್ಬಿ ಕಳೆಯಿತು. ಗದ್ದಲ ದೂರ ಹೋಯಿತು. ಕಾಗೆ ಕೂಗಿತು. ಸ್ಟೋವು ಉಸಿರಾಡಿತು.

‘ಉಂಡೀ?’

ನಾನು ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಟೇಪಿನೊಳಗಿನ ಆ ಹುಡುಗಿ ಸುಳ್ಳು ಹೇಳುವ ಮೊದಲೇ, ಗ್ಯಾಲರಿಗೆಲ್ಲ ಕೇಳುವಂತೆ, ‘ಇಲ್ರೀ’ ಎಂದೆ.

ಹೊರಗಿನಿಂದ ಭಾವನವರು ತಿರುಗದೆಯೇ ಹೇಳಿದರು: ‘ನಂದೂ ಆಗಿಲ್ಲ, ತಂಗೀ. ಇಬ್ಬರಿಗೂ ಹಾಕು.’

ಆ ಸುರುಳಿ, ಹಿತ್ತಾಳೆಯ ಡಬ್ಬಿ ಎರಡೂ ನನ್ನ ಟ್ರಂಕಿನಲ್ಲಿವೆ. ಸುರುಳಿಯನ್ನು ನುಡಿಸುವ ಯಂತ್ರ ಈಗ ಸಿಗಲಿಕ್ಕಿಲ್ಲ, ಸಿಕ್ಕರೂ ಅದರಲ್ಲಿ ಇನ್ನೆಷ್ಟು ದನಿ ಉಳಿದಿದೆಯೋ. ಅದಕ್ಕೇ ಇಷ್ಟು ಬರೆದೆ. ಗೌರಿ, ಸಮೀರ, ಈ ಹಾಳೆಗಳನ್ನು ಡಬ್ಬಿಯ ಪಕ್ಕದಲ್ಲೇ, ಮಳೆಗಾಲದ ಥಂಡಿ ತಾಗದಂತೆ ಇಟ್ಟುಕೊಳ್ಳಿ. ನಿಮ್ಮ ಅಜ್ಜನ ದನಿ ಬಹಳ ಮೆತ್ತಗಿತ್ತು.