ಗಾಯಕ್ಕೊಂದೇ ಶಾಲು

ಹಲಸೂರಿನ ನಿವೃತ್ತ ಸುಬೇದಾರ್ ಕೆಂಪರಾಜ್ ಅವರು ಯುದ್ಧದಲ್ಲಿ ಎಡಗಾಲನ್ನೂ ಎರಡು ಬೆರಳನ್ನೂ ಕಳೆದುಕೊಂಡು, ಬಲಗಿವಿ ಕೇಳಿಸದಂತಾಗಿ, ಹೆಗಲಲ್ಲಿ ಇಂದಿಗೂ ಶತ್ರುವಿನ ಗುಂಡೊಂದನ್ನು ಇಟ್ಟುಕೊಂಡಿರುವ ವೀರರು. ಅವರು ಜೀವಮಾನದಲ್ಲಿ ಹೆದರಿದ್ದು ಮನೆಯ ಮುಂದಿನ ಫುಟ್‌ಪಾತಿಗೆ ಮಾತ್ರ. ಅಲ್ಲಿ ಚರಂಡಿಯ ಮೇಲೆ ಒಂದು ಚಪ್ಪಡಿ ಇರಲಿಲ್ಲ.

ಕೃತಕ ಕಾಲು ಹಾಕಿಕೊಂಡು, ಹೆಂಡತಿ ಮುನಿಗಂಗಮ್ಮನ ತೋಳು ಹಿಡಿದು ಸಂಜೆ ಕೆರೆಯವರೆಗೆ ನಡೆಯುವುದು ಅವರಿಗೆ ಉಳಿದಿದ್ದ ಒಂದೇ ಸುಖ. ಚಪ್ಪಡಿ ಹೋದ ಮೇಲೆ ಅದೂ ನಿಂತಿತು. ಚರಂಡಿ ಒಂದು ಇಲಾಖೆಯದು, ಫುಟ್‌ಪಾತು ಇನ್ನೊಂದರದು, ಗುಂಡಿ ಯಾರದೂ ಅಲ್ಲ. ಸ್ವಂತ ಹಲಗೆ ಹಾಕಿಕೊಂಡರೆ ಅದು ಒತ್ತುವರಿ.

ಆದ್ದರಿಂದ ಅವರು ನಮ್ಮ ವೀರ ಸನ್ಮಾನ ಸಮಿತಿಗೆ ಬಂದರು. ನಾನು ಅದರ ಕಾರ್ಯದರ್ಶಿ. ಅಧ್ಯಕ್ಷರಾದ ಸುನಿಲ್ ಅವರು ಗದ್ಗದಿತರಾಗಿ, ಚಪ್ಪಡಿ ಹಾಕಿಸುವ ಅಧಿಕಾರ ಸಮಿತಿಗಿಲ್ಲವೆಂದೂ ಸನ್ಮಾನ ಮಾಡುವ ಅಧಿಕಾರ ಧಾರಾಳವಾಗಿದೆಯೆಂದೂ ತಿಳಿಸಿದರು.

ಸನ್ಮಾನ ಅವರ ಮನೆಯ ಮುಂದೆಯೇ ಎಂದಾಯಿತು. ಅಲ್ಲಿ ಬೇರೆ ಜಾಗವಿಲ್ಲದ್ದರಿಂದ ವೇದಿಕೆಯ ಹಲಗೆಗಳನ್ನು ಗುಂಡಿಯ ಮೇಲೇ ಹಾಸಲಾಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಸಾಂಗವಾಗಿ ನಡೆದವು. ಶಾಮಿಯಾನದ ಕಲೀಮುಲ್ಲಾ ಹಲಗೆ ಬಿಚ್ಚಲು ವಾಡಿಕೆಯಂತೆ ತಡಮಾಡಿದ. ಅಷ್ಟು ದಿನವೂ ದಂಪತಿಗಳು ಹಲಗೆ ದಾಟಿ ಕೆರೆಗೆ ಹೋಗಿಬಂದರು. ಮುನಿಗಂಗಮ್ಮ ನಗುವುದನ್ನು ಬೀದಿಯವರು ಬಹಳ ಕಾಲದ ಮೇಲೆ ಕಂಡರು.

ಹಲಗೆ ಹೋದ ಮರುದಿನ ಸುಬೇದಾರರು ಇನ್ನೊಮ್ಮೆ ಸನ್ಮಾನಿಸಬೇಕೆಂದು ಕೋರಿದರು. ನಾನು ನಿಯಮ ವಿವರಿಸಿದೆ. ಒಂದು ಗಾಯಕ್ಕೆ ಒಂದೇ ಶಾಲು. ಕಾಲು ಮುಗಿಯಿತು, ಬೆರಳು, ಕಿವಿ, ಹೆಗಲು ಬಾಕಿ. ಬೆರಳುಗಳನ್ನು ಬಿಡಿಯಾಗಿ ಪರಿಗಣಿಸಲಾಗದು.

ಗಣರಾಜ್ಯೋತ್ಸವಕ್ಕೆ ಬೆರಳು ಹೋಯಿತು, ಸ್ವಾತಂತ್ರ್ಯ ದಿನಕ್ಕೆ ಕಿವಿ. ಹೆಗಲನ್ನು ಮುನಿಗಂಗಮ್ಮ ರಾಜ್ಯೋತ್ಸವಕ್ಕೆಂದು ಜೋಪಾನ ಮಾಡಿದ್ದರು, ನವೆಂಬರ್ ಪೂರ್ತಿ ವೇದಿಕೆ ಇರುತ್ತದಲ್ಲ. ಡಿಸೆಂಬರಿನಲ್ಲಿ ಗಾಯಗಳು ಖಾಲಿಯಾದವು. ಸುಬೇದಾರರು ಕಿಟಕಿಯ ಪಕ್ಕ ಕೂತುಬಿಟ್ಟರು. ನಿಯಮ ಸಡಿಲಿಸೋಣವೆಂದರೆ, ಅದನ್ನು ಬರೆದವನು ನಾನೇ.

ಒಂದು ಬೆಳಿಗ್ಗೆ ಅವರು ಪದಕಗಳನ್ನು ಧರಿಸಿ ಹೊರಬಂದು, ಸೆಟೆದು ನಡೆದು ಗುಂಡಿಗೆ ಬಿದ್ದರು. ಎಡಗೈ ಮುರಿಯಿತು. ಎತ್ತಲು ಓಡಿದವರಲ್ಲಿ ನಾನೂ ಇದ್ದೆ.

"ಹೊಸ ಗಾಯ. ಬರ್ಕೊಳ್ರೀ," ಎಂದರು.

ತುರ್ತು ಸಭೆಯಲ್ಲಿ, ಇದು ಶತ್ರುವಿನಿಂದಾದ ಗಾಯವಲ್ಲವೆಂಬ ಆಕ್ಷೇಪ ಬಂತು. ನಿಯಮದಲ್ಲಿ ಶತ್ರುವಿನ ಪ್ರಸ್ತಾಪವೇ ಇಲ್ಲವೆಂದು ಸುನಿಲ್ ತೀರ್ಪಿತ್ತರು. ವೀರರಿಗೆ ಅರ್ಹತೆ ಒದಗಿಸುವ ಗುಂಡಿಯನ್ನು ಯಾವ ಕಾರಣಕ್ಕೂ ಮುಚ್ಚಕೂಡದೆಂಬ ನಿರ್ಣಯವೂ ಆಯಿತು.

ಮತ್ತೆ ಹಲಗೆ ಬಂತು. ಪ್ಲಾಸ್ಟರಿನ ಕೈಗೆ ಶಾಲು ಹೊದಿಸುತ್ತಿದ್ದಾಗ ಮುನಿಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಮುಂದಿನ್ ಸಲ ನಾನ್ ಬಿದ್ರೆ ನಡೆಯುತ್ತಾ ಸಾರ್? ಇವ್ರ ಮೈಯಲ್ಲಿ ಇನ್ನೇನೂ ಉಳಿದಿಲ್ಲ."

ವಿಷಯವನ್ನು ಸಮಿತಿಯ ಮುಂದಿಟ್ಟೆ. ವೀರಪತ್ನಿಯರಿಗೂ ಅವಕಾಶ ನೀಡಲು ಸರ್ವಾನುಮತದಿಂದ ಒಪ್ಪಲಾಯಿತು. ಸುದ್ದಿ ತಿಳಿದು ದಂಪತಿಗಳು ನಿಶ್ಚಿಂತೆಯಿಂದ ಹಲಗೆ ದಾಟಿ ಕೆರೆಯ ಕಡೆಗೆ ಹೋದರು.