ಅರ್ಧ ಮೆಮರಿ, ಪೂರ್ತಿ ಬಳಗ

ಕಾಡಸಿದ್ದ ತನ್ನ ಕಂಪ್ಯೂಟರಿಗೆ ಹದಿನಾರು ಜಿಬಿ ಮೆಮರಿ ಹಾಕಿದ್ದ. ಅದು ಎಂಟನ್ನು ಮಾತ್ರ ಒಪ್ಪಿಕೊಂಡಿತು. ಹದಿನಾರು ಇದೆ, ಬಳಸಲು ಸಿಗುವುದು ಎಂಟು ಎಂದು ತೋರಿಸಿ ಸುಮ್ಮನಾಯಿತು, ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು 'ಆಮೇಲೆ ತಿಳಸ್ತೇವಿ' ಎಂದು ಎದ್ದು ಹೋದವರ ಹಾಗೆ.

ಬೇರೆ ದಿನವಾಗಿದ್ದರೆ ಎಂಟರಲ್ಲೇ ಸಂಸಾರ ಸಾಗುತ್ತಿತ್ತು. ಆದರೆ ಹೆಂಡತಿ ಶೈಲಾಳ ದೊಡ್ಡಪ್ಪ ಅಣ್ಣಾಸಾಬ ತೀರಿಕೊಂಡಿದ್ದರು. ನಾಳೆ ಅವಳ ತವರು ಕೊಗನೊಳ್ಳಿಯಲ್ಲಿ ದಿವಸದ ಕಾರ್ಯ. ಇಂದು ಸಂಜೆಯೊಳಗೆ ಊರ ಹೆಬ್ಬಾಗಿಲ ಅಗಸಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲಬೇಕು. ನಡುವೆ ಹೂಮಾಲೆಯೊಳಗೆ ತೀರಿದವರು, ಸುತ್ತ ದುಃಖತಪ್ತ ಬಳಗದ ಮುಖಗಳು. ಮಾವ ವಿರುಪಾಕ್ಷಪ್ಪ ಅವನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸವಿದು. ಕಬ್ಬು, ದ್ರಾಕ್ಷಿ ಇರುವ ಅಳಿಯಂದಿರ ನಡುವೆ ನಿಪ್ಪಾಣಿಯ ಈ ಫ್ಲೆಕ್ಸ್ ಅಂಗಡಿಯವನೂ ಒಬ್ಬ ಅಳಿಯನೆಂದು ಎಣಿಕೆಗೆ ಬರಲು ಬೇರೆ ದಾರಿಯಿರಲಿಲ್ಲ. ಮಾವ ಬೆಳಿಗ್ಗೆಯೇ ಬಂದು ಅಂಗಡಿಯಲ್ಲಿ ಕುರ್ಚಿ ಹಿಡಿದಿದ್ದರು.

ಪಕ್ಕದ ಹೊಲಿಗೆ ಮಷಿನ್ ರಿಪೇರಿಯ ದಾದಾಸಾಬ ಕರೆಯದೆ ಒಳಗೆ ಬಂದ. "ನಾಕ ಹನಿ ಎಣ್ಣಿ ಬಿಡೋ. ಮಷಿನ್ ಅಂದಮ್ಯಾಲೆ ಎಣ್ಣಿ ಬೇಕು."

"ದಾದಾ, ಇದು ಎಣ್ಣಿ ಕುಡಿಯೂದಲ್ಲ."

"ಅದಕ್ಕ ಅರ್ಧಾನ ದುಡಿತೈತಿ."

ಮೆಮರಿಯ ಎರಡು ಕಡ್ಡಿಗಳನ್ನು ಕಾಡಸಿದ್ದ ಅದಲುಬದಲು ಮಾಡಿದ. ಎಂಟು. ಒಂದೊಂದೇ ಹಾಕಿ ನೋಡಿದ. ಒಂದು ಸಂದಿನಲ್ಲಿ ಎರಡೂ ಕಡ್ಡಿ ನಡೆದವು, ಇನ್ನೊಂದರಲ್ಲಿ ಯಾವುದೂ ಇಲ್ಲ. ಆ ಸಂದಿಗೆ ಬೆರಳಾಡಿಸಿದರೆ ಬೆರಳು ಅರಿಸಿನದ ಪುಡಿ ಮೆತ್ತಿಕೊಂಡು ಹಳದಿಯಾಗಿ ಬಂತು.

"ಶೈಲಾ! ಇದರಾಗ ಭಂಡಾರ ಹಾಕಿಯೇನ?" ಎಂದು ಅಂಗಡಿಯ ಹಿಂದಿನ ಮನೆಗೆ ಕೂಗಿದ.

"ಹೊಸಾ ಸಾಮಾನ ಬಂದ್ರ ಪೂಜಿ ಮಾಡಬಾರ್ದೇನ್ರಿ?"

"ಡಬ್ಬಿ ಮ್ಯಾಲೆ ಹಾಕಬೇಕಿತ್ತು. ಒಳಗ್ಯಾಕ ಹಾಕ್ದಿ?"

"ದೇವರು ಮ್ಯಾಲಷ್ಟ ಇರ್ತಾನೇನು?"

ಕಾಡಸಿದ್ದ ಒಣ ಬ್ರಶ್ಶಿನಿಂದ ಭಂಡಾರವನ್ನೆಲ್ಲ ಕೆದರಿ ತೆಗೆದ. ಕಂಪ್ಯೂಟರ್ ಹದಿನಾರನ್ನೂ ಒಪ್ಪಿಕೊಂಡಿತು. ಕಾಡಸಿದ್ದ ಒಂದು ಉಸಿರು ಬಿಟ್ಟ. ಅದೇ ಆ ದಿನದ ಸುಖ.

"ಅಂದ್ರ ಈಗ ಇನ್ನೂ ಮಂದಿ ಹಿಡಸ್ತಾರನ್ರಿ ಅಳಿಯಂದ್ರ?" ಎಂದು ವಿರುಪಾಕ್ಷಪ್ಪ ಊರಿಗೆ ಫೋನು ಹಚ್ಚಿದರು.

ಫೋನಿಗೆ ಮುಖಗಳು ಬರತೊಡಗಿದವು. ಕಾಕಾನ ಮಕ್ಕಳು, ಅವರ ಬೀಗರು, ಟ್ರ್ಯಾಕ್ಟರ್ ಮೇಲೆ ಕಪ್ಪು ಕನ್ನಡಕ ಹಾಕಿ ನಗುತ್ತಿದ್ದ ಒಬ್ಬ ದುಃಖತಪ್ತ. ಮಧ್ಯಾಹ್ನದ ಹೊತ್ತಿಗೆ ಹದಿನಾರೂ ಸಾಲದೆ ಕಂಪ್ಯೂಟರ್ ಹೆಣದಂತೆ ಬಿತ್ತು.

"ಮಾವಾರ, ಯಾರನ್ನರ ಒಬ್ಬರನ್ನ ತಗೀಬೇಕ್ರಿ."

"ಯಾರನ್ನ ತಗೀತೀರಿ? ತಗಸ್ಕೊಂಡಾಂವ ನಾಳೆ ಊಟಕ್ಕ ಬರಂಗಿಲ್ಲ."

"ಎಲ್ಲಾದಕ್ಕಿಂತ ಭಾರ ತೀರಿದ ದೊಡ್ಡ ಮಾವಾರ ಫೋಟೋನ ಐತ್ರಿ. ಸಣ್ಣದ ಮಾಡ್ಲೇನ್ರಿ?"

"ಹಿರ್ಯಾರನ್ನ ಸಣ್ಣ ಮಾಡೂದು? ಅಪಮಾನ!" ವಿರುಪಾಕ್ಷಪ್ಪ ಗಡ್ಡ ಕೆರೆದುಕೊಂಡರು. "ತಗದ ಬಿಡ್ರಿ. ಅಂವ ಏನ ಸಿಟ್ಟ ಮಾಡ್ಕೊಳ್ಳಂಗಿಲ್ಲ. ಕೆಳಗ ಹೆಸರು ಐತೆಲ್ಲ, ಸಾಕು."

ತೀರಿದವರು ಇನ್ನೊಮ್ಮೆ ಹೋದರು. ನಡುವೆ ಮಾಲೆ ಮಾತ್ರ ಉಳಿಯಿತು.

"ಖಾಲಿ ಮಾಲಿ ಚಂದ ಕಾಣಂಗಿಲ್ಲ. ನಿಮ್ಮ ಫೋಟೋ ಎಲ್ಲೈತ್ರಿ?"

"ನಂದ ಹಾಕಿಲ್ರಿ."

"ಹಾಕ್ರಿ ನಡುವ! ಮುಂಜಾನಿಂದ ದುಡಿಯಾಕತ್ತೀರಿ. ಅಳಿಯಾ ಅಂದ್ರ ಮಗಾ ಇದ್ದಂಗ."

"ಯಜಮಾನ್ರ, ಮಾಲಿ ಐತಲ್ರಿ..." ಎಂದ ಇನ್ನೂ ಅಲ್ಲೇ ನಿಂತಿದ್ದ ದಾದಾಸಾಬ.

"ಮದಿವ್ಯಾಗೂ ಮಾಲಿ ಇರ್ತೈತಿ."

ಕಾಡಸಿದ್ದನಿಗೆ ತಪ್ಪು ತಿಳಿಯಲಿಲ್ಲವೆಂದಲ್ಲ. ಆದರೆ ಆ ಮನೆತನದ ನಡುವೆ ಅವನನ್ನು ಯಾರೂ ಎಂದೂ ಕೂಡ್ರಿಸಿರಲಿಲ್ಲ. ಅವನ ಪಾಸ್‌ಪೋರ್ಟ್ ಫೋಟೋ ಹಗುರಾಗಿತ್ತು. ಫ್ಲೆಕ್ಸ್ ತಕರಾರಿಲ್ಲದೆ ಪ್ರಿಂಟಾಗಿ ಬಂತು.

ಸಂಜೆ ಕಾಡಸಿದ್ದ, ಶೈಲಾ, ಮಾವ ಮೂವರೂ ಕೊಗನೊಳ್ಳಿ ಮುಟ್ಟಿದರು; ಅಗಸಿಯಲ್ಲಿ ಫ್ಲೆಕ್ಸ್ ಏರಿತು. ಎಲ್ಲರೂ ತಂತಮ್ಮ ಮುಖ ಹುಡುಕಿಕೊಂಡು ಸಂತೋಷಪಟ್ಟರು. ಅಷ್ಟರಲ್ಲಿ ನಿಪ್ಪಾಣಿ ಬಸ್ಸು ನಿಂತು, ಓದು ಬಾರದ ದೂರದ ಅತ್ತೆ ಶಿವಗಂಗವ್ವ ಇಳಿದಳು. ತಲೆಯೆತ್ತಿ ನೋಡಿದವಳೇ ಬಾಯಿ ಬಡಿದುಕೊಳ್ಳುತ್ತ ಓಡಿಬಂದು ಶೈಲಾಳನ್ನು ತಬ್ಬಿಕೊಂಡಳು.

"ಹಿರ್ಯಾಂವ ಹ್ವಾದ ಅಂತ ಅಳಾಕ ಬಂದ್ರ ನಿನ್ನ ಗಂಡನೂ ಹ್ವಾದನಲ್ಲ ನನ್ನವ್ವಾ!"

ಬಸ್ಸಿನಿಂದ ಇಳಿದ ಉಳಿದವರೂ ಅಳಲು ಶುರುಮಾಡಿದರು.

"ಅತ್ತಿಯಾರ, ನಾ ಇಲ್ಲೇ ಅದೀನ್ರಿ," ಎಂದ ಕಾಡಸಿದ್ದ.

ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದ್ಲ ಹೇಳಾಕ ಏನಾಗಿತ್ತೋ? ಇಷ್ಟೊತ್ತು ಸುಮ್ನ ಅತ್ತೀನಲ್ಲ!"

ಕಾಡಸಿದ್ದ ಏಣಿ ತಂದ. "ಮಾವಾರ, ಇಳಸಿಬಿಡ್ತೀನ್ರಿ."

ವಿರುಪಾಕ್ಷಪ್ಪ ಏಣಿ ಹಿಡಿದುಕೊಂಡರು. "ಬ್ಯಾಡ್ರಿ. ಎಲ್ಲಾರೂ ಬಾಳ ಚಂದ ಬಂದಾರ, ಇಳಿಸಿದ್ರ ಸಿಟ್ಟಾಗ್ತಾರ." ಫ್ಲೆಕ್ಸನ್ನೊಮ್ಮೆ ನೋಡಿದರು, ಅಳಿಯನನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಈ ಫ್ಲೆಕ್ಸ್ ಹರಿಯೂತನಕ ನೀವ ಈ ಕಡೆ ಬರಬ್ಯಾಡ್ರಿ, ಅಳಿಯಂದ್ರ. ನಾಳೆ ಊಟ ಬಸ್ಸಿನ್ಯಾಗ ಕಳಸ್ತೇವಿ."